ಮನೆಯ ಮಾತು, ಲೋಕದ ಮಾತು

ಕಟಪಾಡಿ, ಶಂಕರಪುರ, ಶಿರ್ವ, ಕಾಪು ಎಂಬ ನಾಲ್ಕು ಹೆಸರುಗಳ ನಡುವೆ ಇನ್ನಂಜೆ ಇದೆ. ಕೊಂಕಣ ರೈಲ್ವೆಯ ನಕಾಶೆಯಲ್ಲಿ ಅದು ಉಡುಪಿಗೂ ಪಡುಬಿದ್ರಿಗೂ ನಡುವಿನ ಸಣ್ಣ ನಿಲ್ದಾಣ. ದೂರದ ಊರುಗಳಿಗೆ ಹೋಗುವ ಗಾಡಿಗಳಲ್ಲಿ ಹೆಚ್ಚಿನವು ಇಲ್ಲಿ ನಿಲ್ಲುವುದಿಲ್ಲ. ಆದರೆ ಆ ಗಾಡಿಗಳು ಹೋಗಿ ನಿಲ್ಲುವ ಮುಂಬಯಿಯಲ್ಲಿ ಈ ಸೀಮೆಯ ಬಹುತೇಕ ಮನೆಗಳಿಗೂ ಒಬ್ಬ ಮಗ, ಅಳಿಯ ಅಥವಾ ತಮ್ಮ ಇದ್ದೇ ಇದ್ದಾನೆ. ಹೊರಗಿನ ಸುದ್ದಿ ಇಂಥ ಊರಿಗೆ ಹೇಗೆ ಬರುತ್ತದೆ, ಬಂದದ್ದು ಮನೆಯೊಳಗೆ ಏನಾಗುತ್ತದೆ ಎಂಬ ಪ್ರಶ್ನೆ ಸಾಮಾನ್ಯವಾಗಿ ಸಮೂಹ ಮಾಧ್ಯಮದ ಅಧ್ಯಯನಕಾರರಿಗೆ ಸೇರಿದ್ದೆಂದು ತಿಳಿಯಲಾಗುತ್ತದೆ. ವಾಸ್ತವದಲ್ಲಿ ಅದು ಸಾಹಿತ್ಯದ ಹಳೆಯ ಪ್ರಶ್ನೆಯೂ ಹೌದು. 2020ರ ಬೇಸಿಗೆಯಲ್ಲಿ ಇನ್ನಂಜೆಯಂಥ ಊರುಗಳು ಆ ಪ್ರಶ್ನೆಯನ್ನು ಓದಲಿಲ್ಲ, ಅನುಭವಿಸಿದವು.

ಊರಿನ ದಿನಚರಿಯಲ್ಲಿ ಸುದ್ದಿಗೆ ಎರಡು ಬಾಗಿಲುಗಳು. ಒಂದು ಶಂಕರಪುರದ ಹೂವಿನ ಕಟ್ಟೆ, ಇನ್ನೊಂದು ಚಾವಡಿಯ ಟಿವಿ. ಭೌಗೋಳಿಕ ಗುರುತು ಪಡೆದಿರುವ ಉಡುಪಿ ಮಲ್ಲಿಗೆಯನ್ನು ಜನ ಇಂದಿಗೂ ಶಂಕರಪುರ ಮಲ್ಲಿಗೆಯೆಂದೇ ಕರೆಯುತ್ತಾರೆ. ಬೆಳಕು ಹರಿಯುವ ಹೊತ್ತಿಗೆ ಮೊಗ್ಗು ಕೊಯ್ಯಬೇಕು, ಬಾಳೆನಾರಿನಲ್ಲಿ ಕಟ್ಟಬೇಕು, ಹೊತ್ತು ಮೀರುವ ಮೊದಲು ಕಟ್ಟೆಗೆ ತಲುಪಿಸಬೇಕು. ಸುಮಾರು 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಅಟ್ಟೆಯ ದರ ದಿನಾ ನಿಗದಿಯಾಗುತ್ತದೆ. ಮದುವೆ, ಉತ್ಸವ, ನೇಮಗಳು ಒಟ್ಟಾಗಿ ಬಂದಾಗ ಸಾವಿರವನ್ನು ದಾಟಿ ಏರುವ ಆ ದರ, ಮಳೆಗಾಲದಲ್ಲಿ ಹೂ ಕಟ್ಟಿದ ಕೂಲಿಯೂ ಹುಟ್ಟದಷ್ಟು ಇಳಿಯುತ್ತದೆ. ದರ ನಿಗದಿಯ ಕ್ರಮದ ಬಗ್ಗೆ ಬೆಳೆಗಾರರಿಗೆ ತಕರಾರುಗಳೂ ಉಂಟು. ಆದರೆ ಆ ಅಂಕಿಯನ್ನು ಓದಲು ಬಾರದ ಮನೆ ಇಲ್ಲಿಲ್ಲ. ಏಕೆಂದರೆ 3,200 ಹೂಗಳನ್ನು ಒಂದೊಂದಾಗಿ ಮುಟ್ಟಿದ ಬೆರಳುಗಳೇ ಅದನ್ನು ಕೇಳಿಸಿಕೊಳ್ಳುತ್ತವೆ. ಅಂಕಿಯ ಹಿಂದೆ ಏನಿದೆ ಎಂಬುದು ಕೇಳುವವರಿಗೆ ಗೊತ್ತು. ನಾಳೆ ಏನು ಮಾಡಬೇಕೆಂಬುದೂ ಅದರಿಂದಲೇ ತೀರ್ಮಾನವಾಗುತ್ತದೆ.

ಟಿವಿಯ ಬಾಗಿಲು ತೆರೆದದ್ದು ತಡವಾಗಿ. ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾದದ್ದು 1981ರಲ್ಲಿ. ಕರಾವಳಿಯ ಹಳ್ಳಿಗಳಲ್ಲಿ ಆಂಟೆನಾ ಸಾಮಾನ್ಯ ನೋಟವಾದದ್ದು ಆ ದಶಕದ ಕೊನೆಯ ವರ್ಷಗಳಲ್ಲಿ. 1987ರ ಜನವರಿ 25ರಂದು ರಮಾನಂದ ಸಾಗರರ ‘ರಾಮಾಯಣ’ ಆರಂಭವಾಗಿ 1988ರ ಜುಲೈವರೆಗೆ ಭಾನುವಾರದ ಬೆಳಗುಗಳನ್ನು ತನ್ನದಾಗಿಸಿಕೊಂಡಿತು. ಅದು ಪ್ರಸಾರವಾಗುತ್ತಿದ್ದದ್ದು ಮಲ್ಲಿಗೆ ಕಟ್ಟುವ ಹೊತ್ತಿನಲ್ಲೇ. ಟಿವಿ ಇದ್ದ ಮನೆಗೆ ನೆರೆಮನೆಯವರು ಮೊಗ್ಗಿನ ಬುಟ್ಟಿಯೊಡನೆಯೇ ಬಂದು ಕೂರುವುದು ಈ ಸೀಮೆಗೆ ಸಹಜವಾದ ಏರ್ಪಾಡು. ಕೈ ಹೂವಿನ ಮೇಲೆ, ಕಣ್ಣು ಪರದೆಯ ಮೇಲೆ.

ಧಾರಾವಾಹಿಯ ಭಾಷೆ ಹಿಂದಿ. ಮನೆಯೊಳಗೆ ತುಳು ಅಥವಾ ಕೊಂಕಣಿ, ಶಾಲೆಯಲ್ಲಿ ಮತ್ತು ಪತ್ರಿಕೆಯಲ್ಲಿ ಕನ್ನಡ ಬಳಸುವ ಜನಕ್ಕೆ ಅದು ತೊಡಕಾಗಲಿಲ್ಲ ಎಂಬುದು ಮೇಲ್ನೋಟಕ್ಕೆ ಅಚ್ಚರಿ ತರಬಹುದು. ಇದಕ್ಕೆ ಕಾರಣ ಮುಂಬಯಿ ಕಲಿಸಿದ ಹಿಂದಿಯಲ್ಲ. ಮುಖ್ಯ ಕಾರಣ ಯಕ್ಷಗಾನ. ಗದ್ದೆ ಕೊಯ್ಲಾದ ಮೇಲೆ ದೀಪಾವಳಿಯ ಆಸುಪಾಸಿನಿಂದ ಪತ್ತನಾಜೆಯವರೆಗೆ ಬಯಲಾಟಗಳಲ್ಲಿ ರಾತ್ರಿಗಳನ್ನು ಕಳೆದವರಿಗೆ ರಾಮಾಯಣದ ಕಥೆ ಹೊಸದಾಗಿ ತಿಳಿಯಬೇಕಾದ ಸಂಗತಿಯಲ್ಲ. ಮುಂದೇನಾಗುತ್ತದೆ ಎಂಬ ಕುತೂಹಲ ಅವರದಲ್ಲ. ಈ ರಾಮ ಏನು ಹೇಳುತ್ತಾನೆ, ಈ ವಾಲಿ ಅದಕ್ಕೆ ಏನು ಉತ್ತರ ಕೊಡುತ್ತಾನೆ ಎಂಬುದು ಅವರ ಕುತೂಹಲ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದಕ್ಕೆ ಅರ್ಥಧಾರಿಗಳು ಆ ಕ್ಷಣಕ್ಕೆ ಮಾತು ಕಟ್ಟುತ್ತಾರೆ. ವಾಲಿವಧೆಯ ಪ್ರಸಂಗದಲ್ಲಿ ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುವ ಭಾಗವೇ ಕೂಟದ ಜೀವ. ಮರೆಯಲ್ಲಿ ನಿಂತು ಕೊಂದದ್ದು ಯಾವ ಧರ್ಮ ಎಂದು ಕೇಳುವ ಅವಕಾಶ ವಾಲಿಗೆ ಪೂರ್ಣವಾಗಿ ಸಿಗುತ್ತದೆ. ರಾಮನ ಪಾತ್ರ ವಹಿಸಿದವರು ಉತ್ತರಿಸಲೇಬೇಕು. ದೈವತ್ವದ ಹೆಸರಿನಲ್ಲಿ ಜಾರಿಕೊಳ್ಳುವ ಅರ್ಥಧಾರಿಯನ್ನು ಸಭೆ ಮೆಚ್ಚುವುದಿಲ್ಲ. ಯಾರ ಬಗ್ಗೆ ತೀರ್ಪು ನಡೆಯುತ್ತಿದೆಯೋ ಆತ ಎದುರಿಗೇ ಕೂತಿರುತ್ತಾನೆ, ಆತನ ಮಾತು ಮುಗಿಯುವವರೆಗೆ ಕಥೆ ಮುಂದೆ ಹೋಗುವುದಿಲ್ಲ. ಕರಾವಳಿಯ ಕಿವಿ ರೂಪುಗೊಂಡದ್ದು ಈ ನಿಯಮದಲ್ಲಿ.

ಧಾರಾವಾಹಿಯ ರಾಮನನ್ನು ಹೀಗೆ ಕೇಳುವಂತಿರಲಿಲ್ಲ. ಪರದೆಯ ಪಾತ್ರಕ್ಕೆ ಸಭೆ ಕಾಣುವುದಿಲ್ಲ. ಆದರೂ 1987ರ ಚಾವಡಿಗಳಲ್ಲಿ ಆ ಕೊರತೆಯನ್ನು ತುಂಬಿದ್ದು ನೋಡುವವರ ಮಾತು. ಕಂತು ಮುಗಿದ ಮೇಲೆ ಚರ್ಚೆ ನಡೆಯುತ್ತಿತ್ತು, ಕೆಲವೊಮ್ಮೆ ಕಂತಿನ ನಡುವೆಯೇ. ವಾರಕ್ಕೊಂದು ಕಂತು ಎಂಬ ಮಿತಿ ಇದಕ್ಕೆ ಅನುಕೂಲವಾಗಿತ್ತು. ನೋಡಿದ್ದನ್ನು ಮಾತಾಡಿ ಮುಗಿಸಲು ಆರು ದಿನಗಳಿದ್ದವು.

ಮುಂಬಯಿಯ ಸುದ್ದಿ ಬೇರೆ ದಾರಿಯಲ್ಲಿ ಬರುತ್ತಿತ್ತು. ತುಳುನಾಡಿನಿಂದ ಆ ನಗರಕ್ಕೆ ಹೋದವರ ಚರಿತ್ರೆ ನೂರು ವರ್ಷಗಳಿಗೂ ಹಳೆಯದು. ಮೊಗವೀರರ ವ್ಯವಸ್ಥಾಪಕ ಮಂಡಳಿ ಅಲ್ಲಿ 1902ರಲ್ಲೇ ರೂಪುಗೊಂಡಿತ್ತು. ಬಂಟರು, ಬಿಲ್ಲವರು ಮತ್ತಿತರ ಸಮುದಾಯಗಳ ಸಂಘಗಳು ಆಮೇಲೆ ಹುಟ್ಟಿದವು. ಹೋಟೆಲಿನ ಅಡುಗೆಮನೆಯಲ್ಲಿ ಹಗಲು ದುಡಿದು ರಾತ್ರಿ ಶಾಲೆಯಲ್ಲಿ ಓದಿದ ಹುಡುಗರ ಕಥೆ ಈ ಸೀಮೆಯ ಮನೆ ಮನೆಯ ಕಥೆ. ಉಡುಪಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಬದುಕಿದ ವ್ಯಾಸರಾಯ ಬಲ್ಲಾಳರು ಆ ನಗರದ ದುಡಿಮೆಯ ಲೋಕವನ್ನು ಕನ್ನಡ ಕಾದಂಬರಿಯೊಳಗೆ ತಂದರು. ಅವರ ‘ಬಂಡಾಯ’ಕ್ಕೆ 1986ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಅತ್ತ ಯಶವಂತ ಚಿತ್ತಾಲರು 1979ರ ‘ಶಿಕಾರಿ’ಯಲ್ಲಿ, ತನ್ನ ಬೆನ್ನ ಹಿಂದೆ ನಡೆದ ಮಾತುಗಳ ಬಲೆಗೆ ಸಿಕ್ಕಿ ತನ್ನ ಮೇಲಿನ ಆರೋಪವೇನೆಂದು ತಿಳಿಯದೆ ತೊಳಲುವ ಮುಂಬಯಿಯ ಕನ್ನಡಿಗನೊಬ್ಬನನ್ನು ಚಿತ್ರಿಸಿದರು. ಈ ಎರಡು ಕಾದಂಬರಿಗಳನ್ನು ಕೇವಲ ನಗರದ ಕಾದಂಬರಿಗಳೆಂದು ವಿಂಗಡಿಸುವುದು ಸಾಲದು. ಊರಿನಿಂದ ದೂರವಿರುವವನ ಬಗ್ಗೆ ಊರಿಗೆ ಎಷ್ಟು ತಿಳಿಯುತ್ತದೆ ಎಂಬ ಪ್ರಶ್ನೆಯೂ ಅವುಗಳ ಅಡಿಯಲ್ಲಿ ಇದೆ.

ಆ ತಿಳಿವಳಿಕೆಗೆ ಒಂದು ಕಾಲದಲ್ಲಿ ಪತ್ರ ಮತ್ತು ಮನಿಆರ್ಡರು ಆಧಾರವಾಗಿದ್ದವು. ಆಮೇಲೆ 1970ರಿಂದ ಮಣಿಪಾಲದ ‘ಉದಯವಾಣಿ’ಯಂಥ ಪತ್ರಿಕೆಗಳು ಮುಂಬಯಿಯ ಸಂಘಗಳ ಸಭೆ ಸಮಾರಂಭಗಳನ್ನು ಊರಿಗೂ ಊರಿನ ಕೋಲ ಉತ್ಸವಗಳನ್ನು ಮುಂಬಯಿಗೂ ತಲುಪಿಸಿದವು. 1998ರಲ್ಲಿ ಕೊಂಕಣ ರೈಲು ಪೂರ್ಣಗೊಂಡ ಮೇಲೆ ಹಲಸಿನ ಹಪ್ಪಳ, ಕುಚ್ಚಲಕ್ಕಿ, ತೆಂಗಿನೆಣ್ಣೆಗಳ ಕಟ್ಟು ಒಂದೇ ರಾತ್ರಿಯಲ್ಲಿ ಅಲ್ಲಿಗೆ ತಲುಪುವಂತಾಯಿತು. ಶಂಕರಪುರದ ಮಲ್ಲಿಗೆಯೂ ಹಾಗೆಯೇ ಹೋಯಿತು. ಈ ಎಲ್ಲ ಸುದ್ದಿಗಳಿಗೂ ಒಂದು ಸಾಮಾನ್ಯ ಗುಣವಿತ್ತು. ಕಳಿಸಿದವರ ಹೆಸರಿತ್ತು, ಪಡೆದವರು ಮರುತ್ತರ ಬರೆಯಬಹುದಾಗಿತ್ತು.

2020ರ ಮಾರ್ಚ್ 22ರ ಜನತಾ ಕರ್ಫ್ಯೂ ಮತ್ತು 25ರಿಂದ ಜಾರಿಗೆ ಬಂದ ಲಾಕ್‌ಡೌನ್ ಎರಡು ಬಾಗಿಲುಗಳಲ್ಲಿ ಒಂದನ್ನು ಮುಚ್ಚಿದವು. ಬಸ್ಸು, ರೈಲು, ಮದುವೆ, ಉತ್ಸವ ಎಲ್ಲವೂ ನಿಂತ ಮೇಲೆ ಮಲ್ಲಿಗೆ ಕೊಳ್ಳುವವರಿರಲಿಲ್ಲ. ವರ್ಷದಲ್ಲಿ ಹೂವಿಗೆ ಒಳ್ಳೆಯ ಬೇಡಿಕೆ ಇರುವ ಕಾಲವದು. ಹೂವಿನ ಗಿಡಕ್ಕೆ ಸರಕಾರದ ಆದೇಶ ತಿಳಿಯುವುದಿಲ್ಲ, ಅದು ಮೊಗ್ಗು ಬಿಡುತ್ತಲೇ ಇತ್ತು. ಪತ್ತನಾಜೆಗೆ ಇನ್ನೂ ಎರಡು ತಿಂಗಳಿರುವಾಗಲೇ ಯಕ್ಷಗಾನ ಮೇಳಗಳು ತಿರುಗಾಟ ನಿಲ್ಲಿಸಿದವು. ಬಹುಕಾಲದಿಂದ ಮೊದಲ ಬಾರಿಗೆ ಬೇಸಿಗೆಯ ರಾತ್ರಿಗಳಲ್ಲಿ ಚೆಂಡೆಯ ಸದ್ದಿರಲಿಲ್ಲ. ಆ ಮೌನದೊಳಗೆ ಇಡೀ ದಿನ ಮಾತಾಡುತ್ತಿದ್ದದ್ದು ಟಿವಿ ಒಂದೇ.

ಆ ಟಿವಿಯಲ್ಲಿ ಮಾರ್ಚ್ 28ರಿಂದ ‘ರಾಮಾಯಣ’ ಮರಳಿ ಬಂತು, ಈ ಬಾರಿ ದಿನಕ್ಕೆ ಎರಡು ಹೊತ್ತು. ಏಪ್ರಿಲ್ 16ರ ಪ್ರಸಾರವನ್ನು 7.7 ಕೋಟಿ ಜನ ನೋಡಿದರೆಂದು ದೂರದರ್ಶನ ಘೋಷಿಸಿಕೊಂಡಿತು. ಯುದ್ಧಕಾಂಡ ಮುಗಿದ ಮೇಲೆ ಏಪ್ರಿಲ್ ಉತ್ತರಾರ್ಧದಲ್ಲಿ ‘ಉತ್ತರ ರಾಮಾಯಣ’ ಬಂತು. 1987ರಲ್ಲಿ ಮೊಗ್ಗಿನ ಬುಟ್ಟಿಯೊಡನೆ ಕೂತು ನೋಡಿದ್ದ ಯುವತಿಯರು ಈಗ ಅಜ್ಜಿಯರಾಗಿದ್ದರು. ಹೂ ಕಟ್ಟಲು ಕಾರಣವಿಲ್ಲದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಮೊಮ್ಮಕ್ಕಳ ಪಕ್ಕದಲ್ಲಿ, ಸೀತೆ ಕಾಡಿಗೆ ಹೋಗುವುದನ್ನು ಅವರು ಮತ್ತೊಮ್ಮೆ ನೋಡಿದರು. ಪ್ರಸಾರದ ನಡುವೆ ಮತ್ತು ಕೊನೆಯಲ್ಲಿ ರಿಮೋಟು ವಾರ್ತಾ ವಾಹಿನಿಗಳ ಕಡೆ ತಿರುಗುತ್ತಿತ್ತು. ಅಲ್ಲಿ ಇನ್ನೊಂದು ಕಥೆ ನಡೆಯುತ್ತಿತ್ತು. ಎರಡೂ ಒಂದೇ ಕಥೆ ಎಂಬುದು ಮೇ ತಿಂಗಳವರೆಗೆ ಸ್ಪಷ್ಟವಾಗಿರಲಿಲ್ಲ.

ಉತ್ತರಕಾಂಡದ ನಡುಬಿಂದು ಲೋಕಾಪವಾದ. ವಾಲ್ಮೀಕಿಯಲ್ಲಿ ಆ ಅಪವಾದಕ್ಕೆ ಒಡೆಯನಿಲ್ಲ. ಜನ ಏನು ಮಾತಾಡುತ್ತಿದ್ದಾರೆ ಎಂದು ರಾಮ ಕೇಳುತ್ತಾನೆ, ಭದ್ರನೆಂಬವನು ಹಿಂಜರಿಯುತ್ತ ಹೇಳುತ್ತಾನೆ. ಮಾತು ಭದ್ರನದಲ್ಲ, ಅವನು ಕೇಳಿದ್ದನ್ನು ತಲುಪಿಸಿದವನು. ಹಾಗಾದರೆ ಮೊದಲು ಆಡಿದವರು ಯಾರು? ಬೀದಿಯಲ್ಲಿ, ಚೌಕದಲ್ಲಿ ಇರುವ ‘ಜನ’. ಒಡೆಯನಿಲ್ಲದ ಈ ಮಾತು ಕಥೆಗಾರರಿಗೆ ಸಹಿಸಲಾಗದ್ದಾಗಿರಬೇಕು. ನಂತರದ ಕಥನಗಳು ಅದನ್ನು ಒಬ್ಬ ಅಗಸನ ಬಾಯಿಗೆ ಹಾಕಿದವು. ಕನ್ನಡದಲ್ಲಿ ಲಕ್ಷ್ಮೀಶನ ‘ಜೈಮಿನಿ ಭಾರತ’ದ ಮೂಲಕ ಆ ರೂಪವೇ ಮನೆಮಾತಾಯಿತು. ಇದರಿಂದ ಎರಡು ಪರಿಣಾಮಗಳಾದವು. ಕಥೆಗೆ ನಾಟಕೀಯತೆ ಬಂತು. ಜೊತೆಗೆ ಊರೆಲ್ಲ ಆಡಿದ ಮಾತಿನ ಹೊಣೆ, ಅದನ್ನು ಹೊರಲು ಅತ್ಯಂತ ಕಡಮೆ ಶಕ್ತನಾದ ಒಬ್ಬನ ತಲೆಗೆ ಬಂತು. ಲೋಕಾಪವಾದ ಮೊದಲು ಸೀತೆಯನ್ನು ಹೊರಗೆ ಹಾಕಿತು, ಆಮೇಲೆ ತನ್ನ ತಪ್ಪನ್ನು ಹೊರಿಸಲು ಅಗಸನನ್ನು ಹುಡುಕಿಕೊಂಡಿತು.

ಜೈನ ರಾಮಕಥೆಯ ಪರಂಪರೆ ಈ ಭಾಗವನ್ನು ಬಿಡಲಿಲ್ಲ, ಆದರೆ ಬೇರೆ ಕಡೆ ಮುಗಿಸಿತು. ವಿಮಲಸೂರಿಯ ಪ್ರಾಕೃತ ‘ಪಉಮಚರಿಯ’ದಲ್ಲಿಯೂ ರವಿಷೇಣನ ಸಂಸ್ಕೃತ ‘ಪದ್ಮಪುರಾಣ’ದಲ್ಲಿಯೂ ಅಪವಾದವಿದೆ, ಪರಿತ್ಯಾಗವಿದೆ, ಅಗ್ನಿಪರೀಕ್ಷೆಯೂ ಇದೆ. ಪರೀಕ್ಷೆಯಲ್ಲಿ ಗೆದ್ದ ಸೀತೆಯನ್ನು ರಾಮ ಮರಳಿ ಕರೆದಾಗ ಆಕೆ ಅರಮನೆಗೆ ಹೋಗುವುದಿಲ್ಲ, ದೀಕ್ಷೆ ಹೊಂದುತ್ತಾಳೆ. ಧಾರ್ಮಿಕ ಅರ್ಥವನ್ನು ಬದಿಗಿಟ್ಟು ಕೇವಲ ಕಥನವಾಗಿ ನೋಡಿದರೂ ಇಲ್ಲಿ ಒಂದು ವಿಶೇಷವಿದೆ. ತನ್ನ ಬಗ್ಗೆ ಊರು ಆಡಿದ ಮಾತಿಗೆ ಸೀತೆ ಕೊಡುವ ಕೊನೆಯ ಉತ್ತರ ಆಕೆಯದೇ ಆದ ನಿರ್ಧಾರವಾಗಿದೆ. ಭೂಮಿ ಅವಳಿಗಾಗಿ ಬಾಯ್ದೆರೆಯಬೇಕಾಗಿಲ್ಲ.

ಇನ್ನಂಜೆಯಿಂದ ಬಹುದೂರವೇನಲ್ಲದ ನಂದಳಿಕೆಯಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪನಿಗೆ, ಅಂದರೆ ಮುದ್ದಣನಿಗೆ, ಇದೇ ಕಥಾವಲಯ ಪ್ರಿಯವಾಗಿತ್ತು. ಉಡುಪಿಯಲ್ಲಿ ಶಾಲಾ ಅಧ್ಯಾಪಕನಾಗಿದ್ದು 1901ರಲ್ಲಿ, ಮೂವತ್ತರ ಆಸುಪಾಸಿನಲ್ಲೇ ತೀರಿಕೊಂಡ ಈ ಕವಿ ‘ರತ್ನಾವತಿ ಕಲ್ಯಾಣ’, ‘ಕುಮಾರವಿಜಯ’ ಎಂಬ ಯಕ್ಷಗಾನ ಪ್ರಸಂಗಗಳನ್ನೂ ಬರೆದವನು. ಅವನ ‘ಶ್ರೀರಾಮಾಶ್ವಮೇಧ’ ಓದುಗರ ನೆನಪಿನಲ್ಲಿ ಉಳಿದಿರುವುದು ಅಶ್ವಮೇಧದ ಕುದುರೆಗಿಂತ ಹೆಚ್ಚಾಗಿ ಮನೋರಮೆಯಿಂದ. ಗಂಡ ಕಥೆ ಹೇಳುತ್ತಾನೆ, ಹೆಂಡತಿ ಕೇಳುತ್ತಾಳೆ. ಆದರೆ ಆಕೆ ಸುಮ್ಮನೆ ಕೇಳುವವಳಲ್ಲ. ನಡುವೆ ತಡೆಯುತ್ತಾಳೆ, ಅರ್ಥವಾಗದ ಶಬ್ದಕ್ಕೆ ಲೆಕ್ಕ ಕೇಳುತ್ತಾಳೆ, ಹಾಸ್ಯ ಮಾಡುತ್ತಾಳೆ, ಮುನಿಯುತ್ತಾಳೆ, ಮನೆಯ ಬಡತನವನ್ನೂ ಮಾತಿನೊಳಗೆ ತರುತ್ತಾಳೆ. ವಿಮರ್ಶಕರು ಈ ಸಲ್ಲಾಪವನ್ನು ಸರಸವೆಂದೂ ಹೊಸಗನ್ನಡದ ಅರುಣೋದಯದ ಗುರುತೆಂದೂ ಬಣ್ಣಿಸಿದ್ದಾರೆ. ಇನ್ನೂ ಒಂದು ಮಾತನ್ನು ಸೇರಿಸಬಹುದು. ತಾಳಮದ್ದಳೆಯ ನಿಯಮವನ್ನು ಮುದ್ದಣ ಚಾವಡಿಯೊಳಗೆ ತಂದ. ಕೇಳುವವರು ತಡೆದು ಪ್ರಶ್ನಿಸಿದಾಗ ಮಾತ್ರ ಕಥೆ ಮನೆಗೆ ಸೇರಿದ್ದಾಗುತ್ತದೆ. ತಡೆಯುವವರಿಲ್ಲದ ಕಥೆ ಮನೆಯ ಮೇಲೆ ಹರಿದು ಹೋಗುತ್ತದೆ.

2020ರ ಮೇ ತಿಂಗಳಲ್ಲಿ ಹರಿದು ಬಂದದ್ದು ಅಂಥ ಕಥೆ. ಉಡುಪಿ ಜಿಲ್ಲೆ ಅಲ್ಲಿಯವರೆಗೆ ನೆಮ್ಮದಿಯಿಂದಿತ್ತು. ಮಾರ್ಚ್ ಕೊನೆಯೊಳಗೆ ಮೂರು ಪ್ರಕರಣಗಳು ಕಂಡು, ಮೂವರೂ ಗುಣಮುಖರಾಗಿ, ವಾರಗಟ್ಟಲೆ ಹೊಸ ಸೋಂಕಿರಲಿಲ್ಲ. ಅದೇ ಹೊತ್ತಿನಲ್ಲಿ ಮುಂಬಯಿಯ ಸ್ಥಿತಿ ಕೆಟ್ಟಿತ್ತು. ಹೋಟೆಲುಗಳು ಮುಚ್ಚಿ ಎರಡು ತಿಂಗಳಾಗುತ್ತ ಬಂದಿತ್ತು. ಹೋಟೆಲಿನಲ್ಲೇ ಉಂಡು ಅಲ್ಲೇ ಮಲಗುತ್ತಿದ್ದ ಕೆಲಸಗಾರನಿಗೆ ಹೋಟೆಲು ಮುಚ್ಚುವುದೆಂದರೆ ಸಂಬಳದ ಜೊತೆಗೆ ಊಟವೂ ಸೂರೂ ಹೋಗುವುದು. ‘ಸೇವಾ ಸಿಂಧು’ವಿನಲ್ಲಿ ಅರ್ಜಿ ಹಾಕಿ, ಪಾಸು ಪಡೆದು, ಬಾಡಿಗೆ ಬಸ್ಸಿನಲ್ಲೋ ಕಾರಿನಲ್ಲೋ ಸಾವಿರಾರು ಜನ ಊರಿನ ದಾರಿ ಹಿಡಿದರು. ಮೇ 18ರಂದು, ಮಹಾರಾಷ್ಟ್ರ, ಗುಜರಾತ್, ತಮಿಳುನಾಡು, ಕೇರಳಗಳಿಂದ ತಿಂಗಳ ಕೊನೆಯವರೆಗೆ ಯಾರನ್ನೂ ಬಿಟ್ಟುಕೊಳ್ಳುವುದಿಲ್ಲವೆಂದು ರಾಜ್ಯ ಸರಕಾರ ಪ್ರಕಟಿಸಿತು. ಅದಾಗಲೇ ಬಂದವರು ಜಿಲ್ಲೆಯ ಶಾಲೆಗಳಲ್ಲಿ, ಹಾಸ್ಟೆಲುಗಳಲ್ಲಿ ಕ್ವಾರಂಟೈನ್‌ನಲ್ಲಿದ್ದರು. ಪರೀಕ್ಷೆಯ ವರದಿಗಳು ಒಟ್ಟೊಟ್ಟಾಗಿ ಬಂದವು. ಜೂನ್ 2ರಂದು ರಾಜ್ಯದಲ್ಲಿ ಹೊಸದಾಗಿ ಕಂಡ 388 ಪ್ರಕರಣಗಳಲ್ಲಿ 150 ಉಡುಪಿಯವು. ಬಹುಪಾಲು ಮಹಾರಾಷ್ಟ್ರದಿಂದ ಬಂದವರದು, ಅವರಲ್ಲಿ ಹೆಚ್ಚಿನವರಿಗೆ ರೋಗಲಕ್ಷಣಗಳೇ ಇರಲಿಲ್ಲ. ಹಸಿರು ಜಿಲ್ಲೆಯೆಂದು ಹೊಗಳಿಸಿಕೊಂಡ ಉಡುಪಿ ಕೆಲವೇ ದಿನಗಳಲ್ಲಿ ಸೋಂಕಿನ ಪಟ್ಟಿಯ ಮೇಲ್ತುದಿಗೆ ಬಂತು.

ಆ ದಿನಗಳ ವಾರ್ತೆಯ ಭಾಷೆಯನ್ನು ಸಾಹಿತ್ಯದ ವಿದ್ಯಾರ್ಥಿಗಳು ಗಮನಿಸಬೇಕು. ಸಂಜೆಯ ಪ್ರಕಟಣೆಯಲ್ಲಿ ರೋಗಿಗೆ ಹೆಸರಿರಲಿಲ್ಲ, ಇರಬಾರದು ಕೂಡ. ಪಿ ಅಕ್ಷರದ ಮುಂದೆ ಒಂದು ಅಂಕಿ, ವಯಸ್ಸು, ಗಂಡೋ ಹೆಣ್ಣೋ, ಎಲ್ಲಿಂದ ಬಂದವರು. ವೈದ್ಯಕೀಯ ದಾಖಲೆಗೆ ಇದು ಸರಿಯಾದ ಕ್ರಮ. ಆದರೆ ದಾಖಲೆಯ ಭಾಷೆ ಚಾವಡಿಗೆ ಬಂದಾಗ ಅದರ ಸ್ವಭಾವ ಬದಲಾಯಿತು. ‘ಮುಂಬೈನಿಂದ ಬಂದವರು’ ಎಂಬ ಪದಪುಂಜ ಒಂದು ಜಾತಿಯ ಹೆಸರಿನಂತೆ ಕೇಳಿಸತೊಡಗಿತು. ‘ಮುಂಬೈ ನಂಜು’, ‘ಮಹಾರಾಷ್ಟ್ರದ ಕಂಟಕ’ ಎಂಬ ಬಗೆಯ ತಲೆಬರಹಗಳು ಪರದೆಯ ಕೆಂಪು ಪಟ್ಟಿಯಲ್ಲಿ ಓಡಿದವು. ‘ಟ್ರಾವೆಲ್ ಹಿಸ್ಟರಿ’ ಎಂಬ ಹೊಸ ಶಬ್ದ ಕನ್ನಡದ ದಿನಬಳಕೆಗೆ ಬಂತು. ಎಲ್ಲಿಗೆ ಹೋದ, ಯಾರನ್ನು ಮುಟ್ಟಿದ ಎಂಬುದು ಅದರ ಅರ್ಥ. ಅದೇ ಮನುಷ್ಯನ ನಿಜವಾದ ಪ್ರಯಾಣದ ಚರಿತ್ರೆ ಬೇರೆ ಇತ್ತು. ಹದಿನೈದನೆಯ ವಯಸ್ಸಿನಲ್ಲಿ ಹೋಟೆಲಿಗೆ ಸೇರಿದ್ದು, ತಂಗಿಯ ಮದುವೆಗೆ ಹಣ ಕಳಿಸಿದ್ದು, ಮನೆಯ ಹುಲ್ಲು ಮಾಡಿಗೆ ಹೆಂಚು ಬಂದದ್ದು, ದೈವಸ್ಥಾನದ ಜೀರ್ಣೋದ್ಧಾರಕ್ಕೆ ವಂತಿಗೆ ಕೊಟ್ಟದ್ದು. ಚಾವಡಿಯ ಆ ಟಿವಿಯನ್ನೇ ಅನೇಕ ಮನೆಗಳಿಗೆ ಕೊಡಿಸಿದ್ದು ಮುಂಬಯಿಯ ದುಡಿಮೆ. ತಾನು ಕೊಂಡುಕೊಟ್ಟ ಪೆಟ್ಟಿಗೆಯಲ್ಲಿ ಅವನು ಅಪಾಯವೆಂಬ ಹೆಸರಿನಲ್ಲಿ ಮನೆಗೆ ಬಂದ.

ಇಂಥ ಸಂದರ್ಭದಲ್ಲಿ ಒಬ್ಬ ತಾಯಿಯ ಸ್ಥಿತಿಯನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಸಂಜೆ ಅಂಕಿ ಕೇಳಿ ಆಕೆಗೂ ಎಲ್ಲರಂತೆ ಭಯವಾಗುತ್ತದೆ. ಊರಿಗೆ ರೋಗ ತಂದವರು ಯಾರು ಎಂಬ ಪ್ರಶ್ನೆ ಆಕೆಯ ಮನಸ್ಸಿಗೂ ಬರುತ್ತದೆ. ರಾತ್ರಿ ಶಾಲೆಯ ಕೋಣೆಯಿಂದ ಮಗನ ಫೋನು ಬರುತ್ತದೆ. “ಅಮ್ಮಾ, ಮನೆಯ ಹತ್ತಿರ ಯಾರಾದರೂ ಏನಾದರೂ ಹೇಳಿದರಾ?” “ಇಲ್ಲ ಮಗಾ, ಯಾರು ಏನು ಹೇಳುತ್ತಾರೆ? ನೀನು ಗಂಜಿ ಊಟ ಮಾಡಿದಿಯಾ?” ಹೇಳಿದವರಿದ್ದಾರೆಂದು ಇಬ್ಬರಿಗೂ ಗೊತ್ತು. ಒಂದೇ ಕಿವಿ ಒಂದು ಗಂಟೆಯ ಅಂತರದಲ್ಲಿ ಒಂದೇ ಮನುಷ್ಯನನ್ನು ಎರಡು ಹೆಸರಿನಲ್ಲಿ ಕೇಳಿಸಿಕೊಳ್ಳುತ್ತದೆ. ಟಿವಿಯಲ್ಲಿ ಕೇಳಿದ್ದು ಲೋಕದ ಮಾತು, ಫೋನಿನಲ್ಲಿ ಕೇಳಿದ್ದು ಮನೆಯ ಮಾತು. ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳುವುದು ಆ ಬೇಸಿಗೆಯ ನಿಜವಾದ ಸಂಕಟವಾಗಿತ್ತು.

ರೋಗದ ಭಯ ಹುಸಿಯಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ವಯಸ್ಸಾದವರೇ ಹೆಚ್ಚಿರುವ ಮನೆಗಳ ಊರು ಎಚ್ಚರದಿಂದಿದ್ದದ್ದು ತಪ್ಪಲ್ಲ. ಬಂದವರನ್ನು ಪ್ರತ್ಯೇಕವಾಗಿ ಇರಿಸಿದ್ದೂ ತಪ್ಪಲ್ಲ. ದೂರವಿರಿಸುವುದು ಒಂದು, ದೂರುವುದು ಇನ್ನೊಂದು. ಕನ್ನಡದಲ್ಲಿ ಈ ಎರಡು ಶಬ್ದಗಳು ಕಿವಿಗೆ ಹತ್ತಿರವಾಗಿರುವುದು ಆಕಸ್ಮಿಕವಾದರೂ, ಆ ದಿನಗಳಲ್ಲಿ ಒಂದು ಇನ್ನೊಂದಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಶಾಲೆಯ ಗೇಟಿನವರೆಗೆ ಬಟ್ಟೆ, ತಿಂಡಿ ತಲುಪಿಸಿ ದೂರದಿಂದಲೇ ಕೈ ಬೀಸಿದವರು ಇದ್ದರು. ನಮ್ಮ ಊರಿನ ಶಾಲೆಯಲ್ಲಿ ಇವರನ್ನು ಇರಿಸಬೇಡಿ ಎಂದವರೂ ಇದ್ದರು. ಎರಡೂ ಕಡೆಯವರು ನೋಡಿದ್ದು ಒಂದೇ ವಾಹಿನಿಯನ್ನು. ಆದ್ದರಿಂದ ಎಲ್ಲ ಹೊಣೆಯನ್ನು ಟಿವಿಯ ತಲೆಗೆ ಕಟ್ಟಿದರೆ, ಅದೂ ಅಗಸನ ಬಾಯಿಗೆ ಮಾತು ಹಾಕಿದಂತೆಯೇ ಆದೀತು. ವಾರ್ತೆ ತಲುಪಿಸಿದ್ದು ಭದ್ರನ ಕೆಲಸ, ಅದನ್ನು ತೀರ್ಪಾಗಿಸಿದ್ದು ಕೇಳಿದವರು.

ಆದರೆ ಒಂದು ವ್ಯತ್ಯಾಸವನ್ನು ಮರೆಯುವಂತಿಲ್ಲ. ಸಾರ್ವಜನಿಕವಾಗಿ ಆಡಿದ ಮಾತಿಗೆ ಹೊಣೆ ಹೊರುವ ಕ್ರಮ ಈ ನೆಲಕ್ಕೆ ಹೊಸದಲ್ಲ. ಕಾಪುವಿನ ಬಸದಿಗೆ ಭೂಮಿ ಬಿಟ್ಟುಕೊಟ್ಟ ಸಂಗತಿಯನ್ನು ಹೇಳುವ, 16ನೆಯ ಶತಮಾನದ ಮಧ್ಯಭಾಗದ ತಾಮ್ರಶಾಸನವೊಂದು ಇತಿಹಾಸಕಾರರಿಗೆ ಪರಿಚಿತ. ಶಾಸನದ ರೀತಿಯಂತೆ ಅಲ್ಲಿ ಕೊಟ್ಟವರು ಯಾರು, ಪಡೆದವರು ಯಾರು ಎಂಬುದೆಲ್ಲ ಇದೆ. ಅದರ ಶಾಪಾಶಯ ಇನ್ನೂ ಕುತೂಹಲಕರ. ಈ ಧರ್ಮವನ್ನು ಕೆಡಿಸಿದವನು ಜೈನನಾಗಿದ್ದರೆ ತನ್ನ ಕ್ಷೇತ್ರಗಳಲ್ಲಿ ಮಾಡಿದ ಪಾಪಕ್ಕೆ, ಶೈವನಾಗಿದ್ದರೆ ತನ್ನ ಕ್ಷೇತ್ರಗಳಲ್ಲಿ ಮಾಡಿದ ಪಾಪಕ್ಕೆ, ವೈಷ್ಣವನಾಗಿದ್ದರೆ ತನ್ನವುಗಳಲ್ಲಿ ಮಾಡಿದ ಪಾಪಕ್ಕೆ ಗುರಿಯಾಗುತ್ತಾನೆ. ಅಂದರೆ ಬರೆದವರು ಓದುವವರನ್ನು ಕಣ್ಮುಂದೆ ತಂದುಕೊಂಡಿದ್ದರು. ಊರಿನಲ್ಲಿ ಮೂರು ಬಗೆಯ ಜನರಿದ್ದಾರೆ, ಪ್ರತಿಯೊಬ್ಬರನ್ನೂ ಅವರವರ ನಂಬಿಕೆಯ ಒಳಗಿನಿಂದ ಮಾತಾಡಿಸಬೇಕು ಎಂಬ ತಿಳಿವಳಿಕೆ ಆ ತಾಮ್ರದ ಹಲಗೆಯಲ್ಲಿದೆ. ಶಾಸನದ ಮಾತು ಕಠೋರವಾಗಿರಬಹುದು, ಅನಾಮಧೇಯವಲ್ಲ. ಮೊಬೈಲಿನಿಂದ ಮೊಬೈಲಿಗೆ ದಾಟುವ ಸಂದೇಶಕ್ಕೆ ಇಂಥ ಸಹಿಯಿಲ್ಲ. ಕೆಂಪು ಪಟ್ಟಿಯ ತಲೆಬರಹಕ್ಕೆ, ತನ್ನನ್ನು ಓದುವವರಲ್ಲಿ ಆ ರೋಗಿಯ ತಾಯಿಯೂ ಇದ್ದಾಳೆಂಬ ಅರಿವಿಲ್ಲ.

ವಾಹಿನಿಗಳ ಸಂಜೆಯ ಚರ್ಚೆಯನ್ನು ತಾಳಮದ್ದಳೆಗೆ ಹೋಲಿಸುವವರುಂಟು. ಎರಡರಲ್ಲೂ ಮಾತಿನ ಮಲ್ಲರು ಕೂತಿರುತ್ತಾರೆ, ಎರಡರಲ್ಲೂ ದನಿ ಏರುತ್ತದೆ. ಹೋಲಿಕೆ ಅಲ್ಲಿಗೆ ನಿಲ್ಲುತ್ತದೆ. ತಾಳಮದ್ದಳೆಯಲ್ಲಿ ವಾಲಿ ಇದ್ದಾನೆ. 2020ರ ಚರ್ಚೆಗಳಲ್ಲಿ ಮುಂಬಯಿಯಿಂದ ಬಂದ ಹೋಟೆಲು ಕೆಲಸಗಾರನೊಬ್ಬ ಕೂತು ತಾನು ಯಾಕೆ ಬಂದೆ ಎಂದು ಹೇಳುವ ಅವಕಾಶ ಅಪರೂಪವಾಗಿತ್ತು. ಅವನ ವಿಷಯ ಇತ್ತು, ಅವನಿರಲಿಲ್ಲ. ಅಯೋಧ್ಯೆಯ ಬೀದಿಯಲ್ಲಿ ಮಾತು ನಡೆದಾಗಲೂ, ರಾಮ ತಮ್ಮಂದಿರನ್ನು ಕರೆಸಿ ನಿರ್ಧಾರ ತಿಳಿಸಿದಾಗಲೂ ಸೀತೆ ಅಲ್ಲಿರಲಿಲ್ಲ. ರಥವೇರಿ ಗಂಗೆಯನ್ನು ದಾಟುವವರೆಗೆ ಆಕೆಗೆ ಸಂಗತಿಯೇ ತಿಳಿಯದು. ಲೋಕಾಪವಾದದ ವ್ಯಾಕರಣವೆಂದರೆ ಇದೇ. ಅದರಲ್ಲಿ ಕರ್ತೃ ಕಾಣುವುದಿಲ್ಲ, ಕರ್ಮಕ್ಕೆ ಬಾಯಿ ಇರುವುದಿಲ್ಲ, ಕ್ರಿಯೆ ಮಾತ್ರ ನಡೆದು ಹೋಗುತ್ತದೆ.

ಮಳೆ ಹಿಡಿದ ಮೇಲೆ ಶಾಲೆಗಳು ಖಾಲಿಯಾದವು. ಕ್ವಾರಂಟೈನ್ ಮುಗಿಸಿದವರು ಮನೆಗಳಿಗೆ ಬಂದರು. ಕೆಲವರು ಹಡಿಲು ಬಿದ್ದ ಗದ್ದೆಗೆ ಇಳಿದರು, ಕೆಲವರು ಮಲ್ಲಿಗೆಯ ಗಿಡಗಳ ಬುಡ ಬಿಡಿಸಿದರು, ಹಲವರು ಹೋಟೆಲುಗಳು ತೆರೆದ ಕೂಡಲೇ ಮರಳಿ ಹೊರಟರು. ಅವರನ್ನು ಬೀಳ್ಕೊಡುವಾಗ ಹಪ್ಪಳದ ಕಟ್ಟು ಹಿಂದಿನಂತೆಯೇ ಕೈಗೆ ಬಂತು. ಊರು ಆಡಿದ ಮಾತಿಗೆ ಯಾರೂ ಕ್ಷಮೆ ಕೇಳಿದಂತಿಲ್ಲ. ಕೇಳಬೇಕಾದವರು ಇಂಥವರೆಂದು ಗೊತ್ತಿರಲೂ ಇಲ್ಲ. ಹಳ್ಳಿಯ ಬದುಕು ಇಂಥದನ್ನು ಮಾತಿನಿಂದ ಸರಿಪಡಿಸುವುದಿಲ್ಲ. ಮುಂದಿನ ಕೋಲಕ್ಕೆ ಹೇಳಿಕೆ ಹೋಗುತ್ತದೆ, ಬಂದವನಿಗೆ ಕುಡಿಯಲು ನೀರು ಬೆಲ್ಲ ಬರುತ್ತದೆ. ಇದನ್ನು ಮರೆವು ಎನ್ನಬಹುದು, ಔದಾರ್ಯವೆಂದೂ ಎನ್ನಬಹುದು. ಆದರೆ ಮರೆತದ್ದನ್ನು ದಾಖಲಿಸದಿದ್ದರೆ ಮುಂದಿನ ಬಾರಿ ಅದೇ ವ್ಯಾಕರಣ ಬೇರೊಬ್ಬರನ್ನು ಕರ್ಮವಾಗಿಸಿಕೊಳ್ಳುತ್ತದೆ.

ಸಾಂಕ್ರಾಮಿಕದ ಕಾಲದ ಸಾಹಿತ್ಯವನ್ನು ಸಂಗ್ರಹಿಸುವವರು ಅಂದಿನ ಕವಿತೆಗಳನ್ನೂ ದಿನಚರಿಗಳನ್ನೂ ಕೂ‌ಡಿಸುತ್ತಿದ್ದಾರೆ. ಆ ಪಟ್ಟಿಗೆ ಟಿವಿಯ ಮುಂದೆ ಕೂತವರ ಅಡ್ಡಮಾತುಗಳೂ ಸೇರಬೇಕು. “ಆ ಅಂಕಿಯಲ್ಲಿ ನಮ್ಮವನೂ ಇದ್ದಾನೆ” ಎಂದು ಯಾವುದೋ ಚಾವಡಿಯಲ್ಲಿ ಯಾರೋ ಒಬ್ಬರು ಹೇಳಿದ್ದರೆ, ಆ ವರ್ಷ ಅದಕ್ಕಿಂತ ಹೆಚ್ಚು ಬೆಲೆಯ ಅರ್ಥಗಾರಿಕೆ ನಡೆದಿರಲಾರದು. ಮನೋರಮೆ ಮಾಡಿದ್ದೂ ಅಷ್ಟನ್ನೇ. ಕಥೆ ಹೇಳುವವನನ್ನು ಒಂದು ಗಳಿಗೆ ನಿಲ್ಲಿಸಿ, ನೀನು ಹೇಳುತ್ತಿರುವುದು ಯಾರ ವಿಷಯ ಎಂದು ಕೇಳಿದ್ದು.